ಮೂರು ದಿನದ ದಾರಿಯ ದೂತ

ಎರ್ರಿಸ್ವಾಮಿ ಕೋಟೆಯಿಂದ ಶಿವರಾಜ್ ಕೋಟೆಗೆ
ಕಳಿಸಿದ್ದು: 14 ನವೆಂಬರ್ 2024. ತಲುಪಿದ್ದು: 17 ನವೆಂಬರ್.

ಶಿವರಾಜ್ ಅವರಿಗೆ ಹಿರಿಯೂರಿನಿಂದ ಎರ್ರಿಸ್ವಾಮಿಯ ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ಈ ‘ಮಂಡಲ’ ಆಟಕ್ಕೆ ನಾನು ಹೊಸಬ. ಭೂಪಟದಲ್ಲಿ ನಿಮ್ಮ ಕೋಟೆಯಿಂದ ಕೆಳಕ್ಕೆ ನೋಡಿದರೆ ಮೊದಲು ಮೂರ್ತಪ್ಪ ಎನ್ನುವವನ ಕೋಟೆ, ಅದರಾಚೆ ಬಡಕಲಾಗಿ ನಿಂತಿರುವುದು ನನ್ನದು. ಆಡುವವರಲ್ಲಿ ಹೆಚ್ಚಿನವರು ಯಾವ ಯಾವ ದೇಶದವರೋ. ನಿಮ್ಮ ಕೋಟೆಯ ಬಾಗಿಲ ಮೇಲೆ ಕನ್ನಡದಲ್ಲಿ ‘ಶಿವರಾಜ್, ಹೊಸದುರ್ಗ’ ಎಂದು ಕಂಡು ಹೋದ ಜೀವ ಬಂದಂತಾಯಿತು.

ಹೈವೇ ಪಕ್ಕದ ವೇಬ್ರಿಡ್ಜಿನಲ್ಲಿ ನನ್ನ ಕೆಲಸ. ಲಾರಿ ಬರುತ್ತದೆ, ತೂಕ ಮಾಡಿ ಚೀಟಿ ಕೊಡುತ್ತೇನೆ, ಲಾರಿ ಹೋಗುತ್ತದೆ. ದಿನಕ್ಕೆ ನೂರು ಡ್ರೈವರುಗಳ ಮುಖ ನೋಡಿದರೂ ಇಳಿದು ಕೂತು ಮಾತಾಡುವವರು ಒಬ್ಬರೂ ಇಲ್ಲ. ಗಾಜಿನ ಗೂಡಿನಲ್ಲಿ ನಾನೊಬ್ಬನೇ. ಅಪ್ಪನಿಗೆ ಬೇಜಾರಾಗುತ್ತದೆ ಎಂದು ಮಗಳು ಫೋನಿಗೆ ಈ ಆಟ ಹಾಕಿಕೊಟ್ಟಳು. ಆಟ ನನಗೆ ಕೊಟ್ಟಿರುವ ದೊರೆಗೆ ಕೆಂಪು ಗಡ್ಡ, ನೀಲಿ ಕಣ್ಣು. ನನಗೂ ಅವನಿಗೂ ಏನೇನೂ ಹೋಲಿಕೆ ಇಲ್ಲ, ಆದರೂ ದಿನಾ ಬೆಳಿಗ್ಗೆ ಮೊದಲು ನೋಡುವುದು ಅವನ ಮುಖವನ್ನೇ.

ವಿಷಯ ಇಷ್ಟು. ಮೂರ್ತಪ್ಪನ ಜೊತೆ ಒಪ್ಪಂದ ಬೇಕೆಂದು ಮೂರು ಸಲ ದೂತನನ್ನು ಕಳಿಸಿದೆ. ಮೂರು ಸಲವೂ ಬಾಗಿಲಿನಿಂದಲೇ ವಾಪಸ್ಸು. ನಿಮ್ಮಲ್ಲಿಗೆ ಬರುವ ದೂತನನ್ನು ತನ್ನ ದಾರಿಯಲ್ಲಿ ಬಿಡುತ್ತಾನಲ್ಲ, ಅದೇ ಪುಣ್ಯ. ನಾನು ಮಾಡುತ್ತಿರುವ ತಪ್ಪೇನು? ಈ ಆಟದಲ್ಲಿ ಮಾತಾಡುವ ಹಾಗಿಲ್ಲ, ಓಲೆ ಬರೆದು ದೂತನ ಕೈಗೆ ಕೊಟ್ಟು ಮೂರು ದಿನ ಕಾಯಬೇಕು. ಕಾಯುತ್ತೇನೆ.

ಇಂತಿ, ಎರ್ರಿಸ್ವಾಮಿ


ಶಿವರಾಜ್ ಕೋಟೆಯಿಂದ ಎರ್ರಿಸ್ವಾಮಿ ಕೋಟೆಗೆ
ಕಳಿಸಿದ್ದು: 18 ನವೆಂಬರ್ 2024. ತಲುಪಿದ್ದು: 21 ನವೆಂಬರ್.

ಎರ್ರಿಸ್ವಾಮಿ ಅವರಿಗೆ,

ನಿಮ್ಮ ಗಡಿ ನೋಡಿದೆ. ಮುನ್ನೂರು ಕುದುರೆಗಳನ್ನು ಮೂರ್ತಪ್ಪನ ಹೊಲದ ಬದುವಿನ ಮೇಲೆ ನಿಲ್ಲಿಸಿಕೊಂಡು, ಬಾ ಸ್ನೇಹ ಮಾಡೋಣ ಎಂದರೆ ಯಾರು ನಂಬುತ್ತಾರೆ? ಮೊದಲು ಅವನ್ನು ಹಿಂದಕ್ಕೆ ಕರೆಸಿ.

ಆಮೇಲೆ ಏಳು ದಿನ ಸುಮ್ಮನಿರಿ. ದೂತನನ್ನು ಒಮ್ಮೆ ಹಿಂದಕ್ಕೆ ಕಳಿಸಿದವನಿಗೆ ಏಳು ದಿನ ಮುನಿಸು ಇರುತ್ತದೆ, ಆಗ ಯಾರು ಹೋದರೂ ಬಾಗಿಲು ತೆಗೆಯುವುದಿಲ್ಲ. ನೀವು ಮೂರು ಸಲ ಕಳಿಸಿ ಮುನಿಸು ಬೆಳೆಸಿದ್ದೀರಿ. ಎಂಟನೆಯ ದಿನ ಉಪ್ಪೋ ಬಟ್ಟೆಯೋ ಕಳಿಸಿ, ಅದರ ಜೊತೆ ಏನನ್ನೂ ಕೇಳಬೇಡಿ. ಉಡುಗೊರೆಯ ಜೊತೆ ಬೇಡಿಕೆ ಇಟ್ಟರೆ ಅದು ಉಡುಗೊರೆಯಾಗುವುದಿಲ್ಲ.

ಇನ್ನೊಂದು. ನೀವು ಕಳಿಸಿದ್ದು ಹರಿಕಾರನನ್ನು. ಹರಿಕಾರ ಸುದ್ದಿ ಮುಟ್ಟಿಸುವ ಆಳು. ಒಪ್ಪಂದಕ್ಕೆ ರಾಯಭಾರಿ ಹೋಗಬೇಕು. ಏನು ಹೇಳಿ ಕಳಿಸಿದ್ದೀರಿ ಎನ್ನುವುದಕ್ಕಿಂತ ಯಾರನ್ನು ಕಳಿಸಿದ್ದೀರಿ ಎಂದು ಎದುರಿನವನು ಮೊದಲು ನೋಡುತ್ತಾನೆ. ಹೋದವನು ಮಾತು ಮುಗಿಯಿತೆಂದು ಓಡಿ ಬರಬಾರದು, ಅಲ್ಲೇ ಇರಲಿ. ಸುಮ್ಮನೆ ಕೂತಿದ್ದರೂ ದಿನಕ್ಕಿಷ್ಟು ನಂಬಿಕೆ ಬೆಳೆಯುತ್ತದೆ.

ಹೊಸದುರ್ಗ ಕೋಟೆ


ಎರ್ರಿಸ್ವಾಮಿ ಕೋಟೆಯಿಂದ ಶಿವರಾಜ್ ಕೋಟೆಗೆ
ಕಳಿಸಿದ್ದು: 8 ಡಿಸೆಂಬರ್ 2024. ತಲುಪಿದ್ದು: 11 ಡಿಸೆಂಬರ್.

ತಮ್ಮಾ ಶಿವರಾಜಾ,

ಹೀಗೆ ಕರೆಯಬಹುದಲ್ಲ? ನನಗೆ ಐವತ್ತೆರಡು, ನೀನು ಹೇಗೂ ಚಿಕ್ಕವನಿರಬೇಕು.

ಮೂರ್ತಪ್ಪ ಒಪ್ಪಿದ. ನೀನು ಹೇಳಿದ್ದನ್ನು ಅಕ್ಷರ ತಪ್ಪದೆ ಮಾಡಿದೆ. ಮೂವತ್ತು ಮೂಟೆ ಉಪ್ಪು ಹೋದ ಮೇಲೆ ಅವನೇ ಓಲೆ ಕಳಿಸಿದ. ನೋಡಿದರೆ ಅವನೂ ನಮ್ಮ ಕಡೆಯವನೇ, ಭರಮಸಾಗರದಲ್ಲಿ ಕೆರೆ ಏರಿಯ ಹತ್ತಿರ ಪೈಪಿನ ಅಂಗಡಿಯಂತೆ. ಇಷ್ಟು ದಿನ ಯಾವ ಊರಿನ ದೊಡ್ಡ ಸುಲ್ತಾನನೋ ಎಂದು ಹೆದರಿದ್ದೆ. ಈಗ ನನ್ನ ರಾಯಭಾರಿ ಅವನ ಆಸ್ಥಾನದಲ್ಲೇ ಕೂತಿದ್ದಾನೆ. ನನಗಿಂತ ಅವನಿಗೇ ಮಾತಿಗೆ ಜನ ಹೆಚ್ಚು.

ನಿನ್ನ ಬಗ್ಗೆ ಏನೂ ಬರೆಯಲೇ ಇಲ್ಲ. ಮದುವೆಯಾಗಿದೆಯಾ? ಏನು ಕೆಲಸ? ಫೋನ್ ನಂಬರ್ ಕೊಟ್ಟರೆ ಒಂದು ದಿನ ಮಾತಾಡಬಹುದು. ನನ್ನನ್ನು ಗುರುತು ಹಿಡಿಯುವುದು ಸುಲಭ. ತಲೆ ಬೋಳಾಗಿದೆ, ಅದನ್ನು ಮುಚ್ಚಲು ಕಂಪನಿಯ ನೀಲಿ ಟೋಪಿ ಸದಾ ಇರುತ್ತದೆ. ದೇವಸ್ಥಾನಕ್ಕೂ ಅದೇ ಟೋಪಿಯಾ ಎಂದು ನನ್ನ ಹೆಂಡತಿ ಗಂಗಕ್ಕ ಬೈಯುತ್ತಾಳೆ.

ಇಂತಿ ನಿನ್ನ ಅಣ್ಣ, ಎರ್ರಿಸ್ವಾಮಿ


ಶಿವರಾಜ್ ಕೋಟೆಯಿಂದ ಎರ್ರಿಸ್ವಾಮಿ ಕೋಟೆಗೆ
ಕಳಿಸಿದ್ದು: 15 ಡಿಸೆಂಬರ್ 2024. ತಲುಪಿದ್ದು: 18 ಡಿಸೆಂಬರ್.

ಎರ್ರಿಸ್ವಾಮಣ್ಣ,

ಮದುವೆಯಾಗಿದೆ. ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಅರ್ಜಿ ಟೈಪ್ ಮಾಡುವುದು, ಪಹಣಿ ತೆಗೆದುಕೊಡುವುದು. ನಂಬರ್ ಬೇಡ ಅಣ್ಣ, ಓಲೆಯೇ ಸಾಕು. ಬರೆಯುವಾಗ ಯೋಚನೆಗೆ ಹೊತ್ತು ಸಿಗುತ್ತದೆ.

ಒಪ್ಪಂದವಾಯಿತೆಂದು ಈಗಲೇ ದೊರೆಯನ್ನೇ ಮೂರ್ತಪ್ಪನಲ್ಲಿಗೆ ಕಳಿಸುವ ಉತ್ಸಾಹ ಮಾಡಬೇಡಿ. ಹೊಸಬರೆಲ್ಲ ಅದನ್ನೇ ಮಾಡುತ್ತಾರೆ. ದೊರೆ ತಾನೇ ಹೋಗಿ ಬಾಗಿಲು ಹಾಕಿಸಿಕೊಂಡು ಬಂದರೆ ಆಮೇಲೆ ಕಳಿಸಲು ಅವನಿಗಿಂತ ದೊಡ್ಡವರು ಯಾರೂ ಉಳಿದಿರುವುದಿಲ್ಲ. ದಾರಿ ಹದವಾದ ಮೇಲೆ, ಎಲ್ಲಕ್ಕಿಂತ ಕೊನೆಗೆ ದೊರೆ ಹೋಗಬೇಕು.

ಗಂಗಕ್ಕನವರು ಹೇಳುವುದು ಸರಿ. ದೇವಸ್ಥಾನದಲ್ಲಾದರೂ ಟೋಪಿ ತೆಗೆಯಿರಿ.

ಹೊಸದುರ್ಗ ಕೋಟೆ


ಎರ್ರಿಸ್ವಾಮಿ ಕೋಟೆಯಿಂದ ಶಿವರಾಜ್ ಕೋಟೆಗೆ
ಕಳಿಸಿದ್ದು: 19 ಜನವರಿ 2025. ತಲುಪಿದ್ದು: 22 ಜನವರಿ.

ತಮ್ಮಾ,

ಒಂದು ತಿಂಗಳು ಬರೆಯಲಾಗಲಿಲ್ಲ. ಮಗಳು ರಮ್ಯಾಳ ಮದುವೆ ಗೊತ್ತಾಯಿತು. ಮಾರ್ಚ್ 9, ಭಾನುವಾರ, ಚಿತ್ರದುರ್ಗದ ಛತ್ರದಲ್ಲಿ. ಸಂತೋಷದ ಸುದ್ದಿ, ಆದರೆ ಒಂದು ತೊಡಕಿದೆ. ಈ ಸಲ ಕೇಳುತ್ತಿರುವುದು ಆಟದ್ದಲ್ಲ.

ನಮ್ಮ ಮನೆತನದಲ್ಲಿ ಮದುಮಗಳ ಹಣೆಗೆ ಬಾಸಿಂಗ ಕಟ್ಟುವುದು ಸೋದರತ್ತೆ. ರಮ್ಯಾಳಿಗೆ ಇರುವುದು ಒಬ್ಬಳೇ, ನನ್ನ ಅಕ್ಕ ದುರುಗಕ್ಕ. ಅವಳು ಇರುವುದು ನಿನ್ನ ಊರಿನಲ್ಲೇ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಐದು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ನನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಊರೂರು ಸುತ್ತಿ ಎಲ್ಲರನ್ನೂ ಕರೆದೆ. ಹೊಸದುರ್ಗಕ್ಕೆ ಹೋಗಲು ಪುರುಸೊತ್ತಾಗಲಿಲ್ಲ. ಸ್ವಂತ ಅಕ್ಕ, ಅವಳಿಗೇನು ಉಪಚಾರ ಎಂದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಾರ್ಡು ಕಳಿಸಿದೆ. ‘ಬೀಗರ ಮನಿಗೆ ಗಂಡ ಹೆಂಡ್ತಿ ಹೋಗಿ ಕುಂಕುಮ ಕೊಟ್ಟು ಕರೀತಾರೆ, ನಂಗೆ ಕಂಡಕ್ಟರಾ’ ಎಂದು ಅದೇ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದಳು. ಬರಲಿಲ್ಲ. ನಾನೂ ಬಿಟ್ಟೆ.

ಈಗ ನಿನ್ನ ಪಾಠವೇ ನೆನಪಾಗುತ್ತಿದೆ. ನಾನು ಕಳಿಸಿದ್ದು ಹರಿಕಾರನನ್ನು. ಈಗ ನಾನೇ ಹೋಗೋಣ ಎಂದರೆ, ಅವಳು ಬಾಗಿಲು ಹಾಕಿದರೆ ಮುಂದೆ ದಾರಿಯಿಲ್ಲ. ಗಂಗಕ್ಕನನ್ನು ಕಳಿಸಿದರೆ ಯುದ್ಧವೇ ಆಗುತ್ತದೆ, ಅವಳು ಅವತ್ತು ಆಡಿದ ಮಾತು ಅಕ್ಕನ ಕಿವಿಗೆ ಬಿದ್ದಿದೆ. ಅದಕ್ಕೇ ಕೇಳುತ್ತೇನೆ. ನಿನ್ನ ಹೆಂಡತಿ ಒಂದು ದಿನ ಕುಂಕುಮದ ಭರಣಿ ಹಿಡಿದು ಅಕ್ಕನ ಮನೆಗೆ ಹೋಗಿ, ಎರ್ರಿಸ್ವಾಮಿ ಕಡೆಯವಳು ಎಂದು ಹೇಳಿ, ಸ್ವಲ್ಪ ಹೊತ್ತು ಕೂತು ಬರಲಿ. ಮುತ್ತೈದೆ ಬಂದರೆ ಅಕ್ಕ ಬಾಗಿಲು ಹಾಕುವವಳಲ್ಲ. ಆಮೇಲೆ ನಾನು ಹೋಗುತ್ತೇನೆ. ನೀನು ಇಲ್ಲ ಎನ್ನುವುದಿಲ್ಲ ಎಂದು ನನಗೆ ಗೊತ್ತು.

ಎರ್ರಿಸ್ವಾಮಿ


ಶಿವರಾಜ್ ಕೋಟೆಯಿಂದ ಎರ್ರಿಸ್ವಾಮಿ ಕೋಟೆಗೆ
ಕಳಿಸಿದ್ದು: 24 ಜನವರಿ 2025. ತಲುಪಿದ್ದು: 27 ಜನವರಿ.

ಎರ್ರಿಸ್ವಾಮಣ್ಣ,

ಈ ಕೆಲಸ ನನ್ನ ಮನೆಯಿಂದ ಆಗುವುದಿಲ್ಲ. ಬೇರೆ ಯಾರನ್ನಾದರೂ ನೋಡಿ. ಕಾರಣ ಕೇಳಬೇಡಿ.

ಮೂರ್ತಪ್ಪನಿಗೂ ನನಗೂ ಗಡಿಯ ಜಗಳ ಶುರುವಾಗಿದೆ. ನೀವು ಮಾತ್ರ ನಿಮ್ಮ ರಾಯಭಾರಿಯನ್ನು ಅವನಲ್ಲಿಂದ ಕರೆಸಿಕೊಳ್ಳಬೇಡಿ.


ಶಿವರಾಜ್ ಕೋಟೆಯಿಂದ ಎರ್ರಿಸ್ವಾಮಿ ಕೋಟೆಗೆ
ಕಳಿಸಿದ್ದು: 28 ಜನವರಿ 2025. ಮೂರ್ತಪ್ಪನ ಕೋಟೆಯಲ್ಲಿ ದೂತ ಸೆರೆ. ತಲುಪಿದ್ದು: 20 ಫೆಬ್ರವರಿ.

ಎರ್ರಿಸ್ವಾಮಣ್ಣ,

ನಾಲ್ಕು ದಿನದಿಂದ ನನ್ನ ಹಿಂದಿನ ಓಲೆಯನ್ನೇ ಓದಿಕೊಳ್ಳುತ್ತಿದ್ದೇನೆ. ಒಂದು ಒಳ್ಳೆಯ ಮನೆಗೆ ಬಾಗಿಲು ಹಾಕಿದ ಹಾಗಾಗಿದೆ. ನಿಜ ಬರೆದುಬಿಡುತ್ತೇನೆ.

ಶಿವರಾಜ್ ನನ್ನ ಗಂಡ. ಕಾಮಾಲೆಯಾಗಿ ತೀರಿಕೊಂಡು ಮೂರು ವರ್ಷವಾಯಿತು. ನನ್ನ ಹೆಸರು ಯಮುನಾ, ತವರು ಹೊಳಲ್ಕೆರೆ. ಈ ಕೋಟೆ ಅವರದು. ಆಸ್ಪತ್ರೆಯ ಮಂಚದ ಮೇಲೂ ಫೋನ್ ಹಿಡಿದು ಒಂದೊಂದೇ ಗೋಡೆ ಎತ್ತಿಸುತ್ತಿದ್ದರು, ಆಗ ನನಗೆ ಕೋಪ ಬರುತ್ತಿತ್ತು. ನಲವತ್ತು ದಿನ ಯಾರೂ ಆಡದಿದ್ದರೆ ಕೋಟೆಯನ್ನು ಆಟವೇ ಅಳಿಸಿಹಾಕುತ್ತದೆ. ಅವರು ಹೋದ ಮೂವತ್ತೆಂಟನೆಯ ದಿನ ಫೋನಿನಲ್ಲಿ ಆ ಎಚ್ಚರಿಕೆ ಬಂತು. ಅವರ ಬಟ್ಟೆಗಳನ್ನು ಕೊಟ್ಟುಬಿಟ್ಟಿದ್ದೆ, ಇದನ್ನು ಕೊಡಲಾಗಲಿಲ್ಲ. ಆಡುವುದನ್ನು ಕಲಿತೆ. ಅವರು ಬರೆದಿಟ್ಟ ಟಿಪ್ಪಣಿ ಓದಿ ಓದಿ ದೂತರನ್ನು ಕಳಿಸುವುದನ್ನೂ ಕಲಿತೆ. ನೀವು ‘ಶಿವರಾಜ್ ಅವರಿಗೆ’ ಎಂದು ಬರೆದಾಗ ತಿದ್ದಬೇಕಿತ್ತು. ಮೂರು ವರ್ಷದ ಮೇಲೆ ಒಬ್ಬರು ಆ ಹೆಸರು ಹಿಡಿದು ಮಾತಾಡಿಸಿದ್ದರು, ತಿದ್ದಲು ಮನಸ್ಸು ಬರಲಿಲ್ಲ.

ಕುಂಕುಮದ ಭರಣಿ ಹಿಡಿದು ಕರೆಯಲು ಹೋಗುವವರು ಯಾರು, ಹೋಗಬಾರದವರು ಯಾರು ಎಂದು ನಿಮಗೆ ಹೇಳಬೇಕಿಲ್ಲ. ಇಷ್ಟು ತಿಳಿದ ಮೇಲೂ ನಾನು ಹೋಗಲಿ ಎನಿಸಿದರೆ ಹೋಗುತ್ತೇನೆ. ನನ್ನ ಮನೆಯಲ್ಲಿ ಭರಣಿ ಇಲ್ಲ. ಗುರುವಾರ, 6ನೇ ತಾರೀಖು, ನೀವೇ ಭರಣಿ ತಂದುಕೊಡಿ. ಅಂಗಡಿಯ ಬೋರ್ಡಿನ ಮೇಲೆ ಇನ್ನೂ ಅವರ ಹೆಸರೇ ಇದೆ, ‘ಶಿವರಾಜ್ ಜೆರಾಕ್ಸ್’. ನೀವು ಬರದಿದ್ದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಯಮುನಾ


ಶಿವರಾಜ್ ಕೋಟೆಯಿಂದ ಎರ್ರಿಸ್ವಾಮಿ ಕೋಟೆಗೆ
ಕಳಿಸಿದ್ದು: 7 ಫೆಬ್ರವರಿ 2025. ನದಿಯ ಸುತ್ತು ದಾರಿ. ತಲುಪಿದ್ದು: 12 ಫೆಬ್ರವರಿ.

ಎರ್ರಿಸ್ವಾಮಿ ಅವರಿಗೆ,

ಮೂರ್ತಪ್ಪ ದಾರಿ ಮುಚ್ಚಿದ್ದಾನೆಂದು ಇವತ್ತು ಗೊತ್ತಾಯಿತು. ಹಿಂದಿನ ಓಲೆ ಹೇಗೋ ನಿಮಗೆ ಮುಟ್ಟಿದೆ, ಇದನ್ನು ನದಿ ಸುತ್ತಿಸಿ ಕಳಿಸುತ್ತಿದ್ದೇನೆ.

ನೀವು ಬಂದಿರಿ. ಹೇಳಿದ ಗುರುವಾರವೇ ಬಂದಿರಿ. ನೀಲಿ ಟೋಪಿ, ಒಂದು ಕೈಯಲ್ಲಿ ಮದುವೆ ಕಾರ್ಡಿನ ಕಟ್ಟು, ಇನ್ನೊಂದರಲ್ಲಿ ಭರಣಿ. ನಾನು ಎದ್ದು ನಿಂತೆ. ಬೆಳಿಗ್ಗೆಯಿಂದ ಎರಡು ಸಲ ಅಂಗಡಿ ಗುಡಿಸಿದ್ದೆ. ನೀವು ರಸ್ತೆಯ ಆ ಬದಿ ನಿಂತು ಬೋರ್ಡು ಓದಿದಿರಿ, ನನ್ನ ಮುಖ ನೋಡಿದಿರಿ, ಹಣೆ ನೋಡಿದಿರಿ. ಹತ್ತು ನಿಮಿಷ ನಿಂತು ಹೊರಟುಹೋದಿರಿ.

ಗಂಡ ಹೋದವಳು ಎಂದು ಓಲೆಯಲ್ಲಿ ಓದಿದಾಗ ಪರವಾಗಿಲ್ಲ ಎನಿಸಿದ್ದು, ಎದುರಿಗೆ ಕಂಡಾಗ ಬೇಡ ಎನಿಸಿರಬೇಕು. ನಿಮ್ಮ ಮನೆಯ ಶುಭಕಾರ್ಯ, ನಿಮ್ಮ ತಪ್ಪಿಲ್ಲ. ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆದಿದ್ದೆ. ಸುಳ್ಳು. ತುಂಬಾ ಬೇಜಾರಾಗಿದೆ. ಶಿವರಾಜ್ ಇಲ್ಲ, ನನ್ನಿಂದ ಪ್ರಯೋಜನವಿಲ್ಲ. ಇನ್ನು ಈ ಕೋಟೆಗೆ ಓಲೆ ಕಳಿಸಬೇಡಿ.

ಯಮುನಾ


ಎರ್ರಿಸ್ವಾಮಿ ಕೋಟೆಯಿಂದ ಶಿವರಾಜ್ ಕೋಟೆಗೆ
ಕಳಿಸಿದ್ದು: 8 ಫೆಬ್ರವರಿ 2025. ತಲುಪಿದ್ದು: 11 ಫೆಬ್ರವರಿ.

ತಮ್ಮಾ ಶಿವರಾಜಾ,

ಆಗುವುದಿಲ್ಲ ಎಂದು ನೀನು ಬರೆದಾಗ ಕೋಪ ಬಂದಿತ್ತು. ಹತ್ತು ದಿನ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಆಗಿದ್ದಾಗಲಿ ಎಂದು ಗುರುವಾರ ರಜಾ ಹಾಕಿ, ಭರಣಿ ಕಾರ್ಡು ಹಿಡಿದು ನಾನೇ ಹೊಸದುರ್ಗಕ್ಕೆ ಬಂದೆ. ದೊರೆ ತಾನೇ ಹೋಗಬಾರದು ಎಂಬ ನಿನ್ನ ಮಾತು ಮೀರಿದೆ.

ಬಸ್ಸಿಳಿದವನು ಮೊದಲು ನಿನ್ನನ್ನು ನೋಡೋಣ ಎಂದುಕೊಂಡೆ. ಬೋರ್ಡು ಸಿಕ್ಕಿತು. ಒಳಗೆ ನೀನಿರಲಿಲ್ಲ, ಒಬ್ಬ ಹೆಣ್ಣುಮಗಳು ಇದ್ದರು. ನಿನ್ನ ಅಕ್ಕನೇ ಇರಬೇಕು. ಬರಿ ಹಣೆ ನೋಡಿ ಸಂಕಟವಾಯಿತು. ನನ್ನನ್ನು ನೋಡಿ ಎದ್ದು ನಿಂತರು, ಗಿರಾಕಿ ಎಂದುಕೊಂಡರೋ ಏನೋ. ಗುರುತಿಲ್ಲದ ಗಂಡಸು ಹೋಗಿ ಏನೆಂದು ಕೇಳಲಿ? ನೀನು ಬರುತ್ತೀಯೇನೋ ಎಂದು ಹತ್ತು ನಿಮಿಷ ಕಾದು ಹೊರಟೆ.

ಅಲ್ಲಿಂದ ನನ್ನ ಅಕ್ಕನ ಬೀದಿಗೆ ಹೋದೆ. ಎದುರಿನ ಟೀ ಅಂಗಡಿಯಲ್ಲಿ ಕೂತರೆ ಮನೆ ಕಾಣುತ್ತದೆ. ಜಗುಲಿಯ ಮೇಲೆ ಹುಣಸೆಹಣ್ಣು ಹರವುತ್ತಿದ್ದಳು. ತಲೆಯೆಲ್ಲ ಬೆಳ್ಳಗಾಗಿದೆ. ಎದ್ದು ಇಪ್ಪತ್ತು ಹೆಜ್ಜೆ ಇಟ್ಟರೆ ಬಾಗಿಲು. ಮೂರು ಟೀ ಕುಡಿದೆ, ಇಪ್ಪತ್ತು ಹೆಜ್ಜೆ ಇಡಲಾಗಲಿಲ್ಲ. ಅದಕ್ಕೆ ಇನ್ನೊಂದು ಕಾರಣವಿದೆ, ಬರೆಯಲು ಕೈ ಬರುತ್ತಿಲ್ಲ. ಹೋದ ಬಸ್ಸಿಗೇ ವಾಪಸ್ಸು ಬಂದೆ.

ಎರ್ರಿಸ್ವಾಮಿ


ಎರ್ರಿಸ್ವಾಮಿ ಕೋಟೆಯಿಂದ ಶಿವರಾಜ್ ಕೋಟೆಗೆ
ಕಳಿಸಿದ್ದು: 13 ಫೆಬ್ರವರಿ 2025. ತಲುಪಿದ್ದು: 16 ಫೆಬ್ರವರಿ.

ಯಮುನಾ ಅವರಿಗೆ,

ನಿಮ್ಮ ಓಲೆ ನಿನ್ನೆ ಬಂತು. ಅದಕ್ಕೂ ಮುಂಚಿನದು ಇನ್ನೂ ನನ್ನ ಕೈ ಸೇರಿಲ್ಲ. ಇಷ್ಟು ದಿನ ಬರೆದದ್ದು ನೀವು, ಶಿವರಾಜ್ ಇಲ್ಲ ಎನ್ನುವುದು ನಿನ್ನೆ ತಿಳಿಯಿತು. ಅವತ್ತು ಏನೂ ಗೊತ್ತಿಲ್ಲದೆ ನಿಮ್ಮ ಎದುರು ನಿಂತು ಬಂದೆ ಎಂದು ನೆನೆದರೆ ಊಟ ಸೇರುವುದಿಲ್ಲ. ಎರಡು ಲಾರಿಗೆ ತಪ್ಪು ಚೀಟಿ ಕೊಟ್ಟೆ.

ಓಲೆ ಕಳಿಸಬೇಡಿ ಎಂದಿದ್ದೀರಿ. ಇದೊಂದನ್ನು ಓದಿ. ಬರೆಯಲು ಕೈ ಬರಲಿಲ್ಲ ಎಂದಿದ್ದೆನಲ್ಲ, ಈಗ ಬರೆಯುತ್ತೇನೆ. ನನ್ನ ಅಕ್ಕನ ಹಣೆಯೂ ಬರಿದೇ. ಭಾವ ಗುಡ್ಡಪ್ಪ ತೀರಿಕೊಂಡು ಎರಡು ವರ್ಷವಾಯಿತು. ಆ ಸುದ್ದಿ ಕೂಡ ನನಗೆ ಹೇಳಿದ್ದು ಬಸ್ಸಿನ ಕಂಡಕ್ಟರನೇ. ಮನೆಯಿಂದ ಯಾರೂ ಹೇಳಲು ಬರಲಿಲ್ಲ, ನನ್ನನ್ನು ಲೆಕ್ಕಕ್ಕೆ ಇಟ್ಟಿಲ್ಲ, ಯಾರಾದರೂ ಬಂದು ಹೇಳಿದರೆ ಹೋಗುತ್ತೇನೆ ಎಂದು ಕೂತೆ. ಗೃಹಪ್ರವೇಶಕ್ಕೆ ಕರೆಯಬೇಕು, ಸಾವಿಗೆ ಯಾರು ಕರೆಯುತ್ತಾರೆ? ಸಂಜೆಯಾಯಿತು, ಮಣ್ಣಾಯಿತು. ತಿಥಿಗೂ ಹೋಗಲಿಲ್ಲ. ತಪ್ಪಾಯಿತು ಎಂದು ಇವತ್ತಿನವರೆಗೆ ಯಾರ ಎದುರೂ ಅಂದಿಲ್ಲ. ನಿಮ್ಮ ಎದುರು ಅನ್ನುತ್ತಿದ್ದೇನೆ. ತಪ್ಪಾಯಿತು.

ಈಗ ಬಾಸಿಂಗ ಅವಳು ಕಟ್ಟಬಾರದು, ಬೇರೆ ಮುತ್ತೈದೆ ಕಟ್ಟಲಿ ಎಂದು ನೆಂಟರು ಶುರುಮಾಡಿದ್ದಾರೆ. ರಮ್ಯಾ ಕೇಳುತ್ತಿಲ್ಲ. ಅತ್ತೆ ಕಟ್ಟದಿದ್ದರೆ ನನಗೆ ಬಾಸಿಂಗವೇ ಬೇಡ ಎಂದು ಕೂತಿದ್ದಾಳೆ. ನನಗೂ ಅದೇ ಸರಿ. ಈ ಮಾತನ್ನು ಅಕ್ಕನಿಗೆ ಯಾರಾದರೂ ಮುಟ್ಟಿಸಬೇಕು. ಭರಣಿ ಬೇಡ. ಮುತ್ತೈದೆಯೂ ಬೇಡ. ನೀವು ಹೋಗುತ್ತೀರಾ?

ಎರ್ರಿಸ್ವಾಮಿ


ಶಿವರಾಜ್ ಕೋಟೆಯಿಂದ ಎರ್ರಿಸ್ವಾಮಿ ಕೋಟೆಗೆ
ಕಳಿಸಿದ್ದು: 23 ಫೆಬ್ರವರಿ 2025. ತಲುಪಿದ್ದು: 26 ಫೆಬ್ರವರಿ.

ಎರ್ರಿಸ್ವಾಮಣ್ಣ,

ನಿಮ್ಮ ಎರಡೂ ಓಲೆ ಓದಿದೆ, ಅವತ್ತು ನಿಮ್ಮನ್ನು ತಪ್ಪು ತಿಳಿದವಳು ನಾನೇ. ಮೂರ್ತಪ್ಪನ ಜೊತೆ ಸಂಧಿಯಾಯಿತು, ನನ್ನ ಹಳೆಯ ಓಲೆಯನ್ನು ಬಿಟ್ಟಿದ್ದಾನೆ. ಉಡುಗೊರೆ ಕಳಿಸದೆ ಅವನ ದಾರಿ ಹಿಡಿದದ್ದು ನನ್ನದೇ ತಪ್ಪು. ನಿಮಗೆ ಪಾಠ ಹೇಳಿದವಳು ಅವತ್ತು ಅಳುತ್ತಾ ಎಲ್ಲ ಮರೆತಿದ್ದೆ.

ಇವತ್ತು ನಿಮ್ಮ ಅಕ್ಕನ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಯಾರ ಕಡೆಯವಳು ಎಂದು ಕೇಳಿದರು, ಹಿರಿಯೂರು ಎರ್ರಿಸ್ವಾಮಿ ಕಡೆಯವಳು ಎಂದೆ. ತಲೆ ಎತ್ತಲಿಲ್ಲ. ಕೂತ್ಕೊ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಕೂತೆ. ಏನನ್ನೂ ಕೇಳದೆ ಒಂದು ಹಿಡಿ ಹಣ್ಣು ಎಳೆದುಕೊಂಡು ಬೀಜ ಬಿಡಿಸತೊಡಗಿದೆ. ಒಂದೂವರೆ ತಾಸು ಅದೇ ಕೆಲಸ. ಸೊಸೆ ನಾಗಶ್ರೀ ಎರಡು ಸಲ ಬಂದು ನೋಡಿ ಹೋದರು, ಮೂರನೆಯ ಸಲ ಕಾಫಿ ತಂದರು.

ಆಮೇಲೆ ನನ್ನ ಗಂಡನ ಬಗ್ಗೆ ಕೇಳಿದರು. ಹೇಳಿದೆ. ಇನ್ನೊಂದು ಹಿಡಿ ಹಣ್ಣು ಎಳೆದುಕೊಂಡು ಅವರಾಗೇ ಮಾತೆತ್ತಿದರು. ಅವರ ಮಾತನ್ನು ಹಾಗೇ ಬರೆಯುತ್ತೇನೆ. ‘ಅವತ್ತು ಎಲ್ಲಾರು ಹೆಣದ ಕಡೆ ನೋಡ್ತಿದ್ರು. ನಾನು ಬಾಗಿಲ ಕಡೆ ನೋಡ್ತಿದ್ದೆ. ಮಣ್ಣಿಗೆ ಎತ್ತೋವರ್ಗೂ ನೋಡ್ತಿದ್ದೆ. ಈಗ ಬಂದಾನು, ಇನ್ನೊಂದು ಬಸ್ಸೈತೆ, ಅದ್ರಾಗೆ ಬಂದಾನು ಅಂತ.’

ನಾನು ಫೋನ್ ತೆಗೆದು ನಿಮ್ಮ ಓಲೆಯನ್ನು ಓದಿ ಹೇಳಿದೆ. ತಪ್ಪಾಯಿತು ಎಂದದ್ದನ್ನೂ, ಬಾಸಿಂಗದ ಮಾತನ್ನೂ. ಇನ್ನೊಂದು ಸಲ ಓದು ಎಂದರು. ಇನ್ನೊಂದು ಸಲ ಓದಿದೆ. ‘ಅವ್ನೇ ಬಂದು ಅನ್ಲಿ’ ಎಂದರು. ಕಣ್ಣು ಒರೆಸಿಕೊಂಡು ಒಳಗೆ ಹೋಗಿ, ನನಗೆ ಕೊಡಲು ಒಂದು ಉಂಡೆ ಹುಣಸೆಹಣ್ಣು ಕಟ್ಟಿ ತಂದರು.

ಈಗ ದಾರಿ ಹದವಾಗಿದೆ. ದೊರೆ ಹೋಗಬಹುದು. ಗಂಗಕ್ಕನವರನ್ನೂ ಕರೆದುಕೊಂಡು ಹೋಗಿ.

ಯಮುನಾ


ಎರ್ರಿಸ್ವಾಮಿ ಕೋಟೆಯಿಂದ ಶಿವರಾಜ್ ಕೋಟೆಗೆ
ಕಳಿಸಿದ್ದು: 28 ಫೆಬ್ರವರಿ 2025. ತಲುಪಿದ್ದು: 3 ಮಾರ್ಚ್.

ತಂಗೀ ಯಮುನಾ,

ಅಕ್ಕ ಬರುತ್ತಾಳೆ! ನಿನ್ನೆ ಗುರುವಾರ ಮೊದಲ ಬಸ್ಸಿಗೇ ಗಂಗಕ್ಕನ ಜೊತೆ ಹೊಸದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಲೆಕ್ಕ ಹಾಕಿದ್ದೆ, ಜಗುಲಿ ಹತ್ತುವ ಹೊತ್ತಿಗೆ ಉಳಿದದ್ದು ಒಂದೇ ಮಾತು. ತಪ್ಪಾತಕ್ಕ ಎಂದೆ. ಟೋಪಿ ತೆಗಿ, ನಿನ್ನ ತಲೆ ನೋಡ್ತೀನಿ ಎಂದಳು. ತೆಗೆದೆ. ಬೋಳು ನೋಡಿ ಅಪ್ಪನ ತಲೆಯೇ ಎಂದು ಅತ್ತಳು, ಅಳುತ್ತಾ ನಕ್ಕಳು. ಗಂಗಕ್ಕ ಅವಳ ಕಾಲು ಹಿಡಿಯಲು ಹೋದರೆ ಹಿಡಿಯಲು ಬಿಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂರಿಸಿದವಳು ಏಳಲು ಬಿಡಲೇ ಇಲ್ಲ. ನಿನ್ನ ಅಂಗಡಿಗೆ ಬರಬೇಕೆಂದು ಕಾರ್ಡು ಎತ್ತಿಟ್ಟುಕೊಂಡಿದ್ದೆ, ಬಸ್ಸಿಗೆ ಹೊತ್ತಾಯಿತು. ಭಾನುವಾರ 9ನೇ ತಾರೀಖು, ಚಿತ್ರದುರ್ಗಕ್ಕೆ ಬೆಳಿಗ್ಗೆಯೇ ಬಂದುಬಿಡು. ನಿನಗೆ ಬೇರೆ ಕರೆಯಬೇಕಾ, ನೀನು ಮನೆಯವಳೇ.

ಎರ್ರಿಸ್ವಾಮಿ


ಎರ್ರಿಸ್ವಾಮಿ ಕೋಟೆಯಿಂದ ಶಿವರಾಜ್ ಕೋಟೆಗೆ
ಕಳಿಸಿದ್ದು: 11 ಮಾರ್ಚ್ 2025. ತಲುಪಿದ್ದು: 14 ಮಾರ್ಚ್.

ತಂಗೀ,

ಮದುವೆ ಚೆನ್ನಾಗಿ ಆಯಿತು. ಅಕ್ಕ ಹಿಂದಿನ ದಿನವೇ ಬಂದಳು. ಬಾಸಿಂಗ ಕಟ್ಟುವ ಹೊತ್ತಿಗೆ ಗಂಡಿನ ಕಡೆಯ ಒಬ್ಬರು ಗೊಣಗಿದರು. ‘ನಮ್ಮನಿ ಬಾಸಿಂಗ, ನಮ್ಮನಿ ಹುಡುಗಿ, ನಮ್ಮನಿ ಅತ್ತೆ’ ಎಂದು ಗಂಗಕ್ಕ ಅಂದಳು, ಅಲ್ಲಿಗೆ ಮುಗಿಯಿತು. ನನ್ನ ಹೆಂಡತಿಯ ಬಾಯಿ ಒಳ್ಳೆಯದಕ್ಕೆ ಬಂದದ್ದು ಅದೇ ಮೊದಲು. ಅಕ್ಕ ಗಂಟು ಬಿಗಿಯಾಗಿ ಹಾಕಿದಳು.

ಊಟದ ಪಂಕ್ತಿಯಲ್ಲಿ ನಿನ್ನನ್ನು ಹುಡುಕಿದೆ. ಅಕ್ಕನೂ ಕೇಳಿದಳು, ಅವಳೆಲ್ಲಿ, ಹುಣಸೆಹಣ್ಣಿನ ಹುಡುಗಿ ಎಂದು. ನೀನೇಕೆ ಬರಲಿಲ್ಲ?

ಎರ್ರಿಸ್ವಾಮಿ


ಶಿವರಾಜ್ ಕೋಟೆಯಿಂದ ಎರ್ರಿಸ್ವಾಮಿ ಕೋಟೆಗೆ
ಕಳಿಸಿದ್ದು: 15 ಮಾರ್ಚ್ 2025. ತಲುಪಿದ್ದು: 18 ಮಾರ್ಚ್.

ಎರ್ರಿಸ್ವಾಮಣ್ಣ,

ರಮ್ಯಾ ಸುಖವಾಗಿರಲಿ. ಅಕ್ಕನ ಕೈಯ ಗಂಟಿನ ಬಗ್ಗೆ ಓದಿ ನನಗೂ ಅಳು ಬಂತು, ಸಂತೋಷಕ್ಕೆ.

ನಾನು ಹೊರಟಿದ್ದೆ. ನಿಮಗೆ ಅದು ತಿಳಿದಿರಲಿ. ಭಾನುವಾರ ಬೆಳಿಗ್ಗೆ ಹಸಿರು ರೇಷ್ಮೆ ಸೀರೆ ಉಟ್ಟು, ದುರ್ಗದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತೆ. ದಾರಿಯಲ್ಲಿ ಛತ್ರದ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು. ಬಾಗಿಲಲ್ಲಿ ನಿಂತವರು ಬರ್ರಿ ಬರ್ರಿ ಎಂದು ಪನ್ನೀರು ಎರಚುತ್ತಾರೆ, ಆಮೇಲೆ ಯಾರ ಕಡೆಯೋರು ಎಂದು ಕೇಳುತ್ತಾರೆ. ನಾನು ಯಾರ ಕಡೆಯವಳು? ಗಂಡಿನ ಕಡೆಯೂ ಅಲ್ಲ, ಹೆಣ್ಣಿನ ಕಡೆಯೂ ಅಲ್ಲ. ಫೋನಿನಲ್ಲಿ ಓಲೆ ಬರೆಯುವವಳು ಎಂದು ಹೇಳಲಾಗುತ್ತದೆಯೇ? ಎಲ್ಲರ ಹಣೆಗೂ ಕುಂಕುಮ ಇಡುತ್ತಾ ಬರುವ ಹೆಂಗಸು ನನ್ನ ಮುಂದೆ ಬಂದು ತಟ್ಟೆ ಪಕ್ಕಕ್ಕೆ ಸರಿಸುವಾಗ, ಇವಳು ನಮ್ಮವಳು ಎನ್ನಲು ನನ್ನನ್ನು ಕರೆದವರೊಬ್ಬರು ಅಲ್ಲಿರಬೇಕಿತ್ತು. ಹೊಳಲ್ಕೆರೆಯಲ್ಲಿ ಇಳಿದುಬಿಟ್ಟೆ. ನನ್ನ ತವರೂರೇ ಅದು, ಈಗ ಅಲ್ಲಿ ನನ್ನವರು ಅನ್ನುವವರು ಯಾರೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡು ಎರಡು ತಾಸು ಕೂತು, ಹಿಂದಿರುಗುವ ಬಸ್ಸು ಹತ್ತಿ ಬಂದೆ.

ಮನೆಯವಳಿಗೆ ಬೇರೆ ಕರೆಯಬೇಕಾ ಎಂದು ನೀವು ಪ್ರೀತಿಯಿಂದಲೇ ಬರೆದಿರಿ, ನನಗೆ ಗೊತ್ತು. ಅಕ್ಕನಿಗೆ ಅವತ್ತು ಕಂಡಕ್ಟರ್ ಕೈಯಲ್ಲಿ ಕಾರ್ಡು ಕಳಿಸಿದ್ದೂ ಅದೇ ಪ್ರೀತಿಯಿಂದಲೇ. ನಾನು ಮುನಿಸಿಕೊಂಡಿಲ್ಲ ಅಣ್ಣ. ಐದು ವರ್ಷ ಮುನಿಸಿಕೊಂಡು ಕೂರುವಷ್ಟು ಜನ ನನಗಿಲ್ಲ. ಅದಕ್ಕೇ ಬಾಯಿಬಿಟ್ಟು ಕೇಳುತ್ತಿದ್ದೇನೆ.

ನನ್ನನ್ನು ಕರೆಯಿರಿ. ಯಾವ ಕಾರ್ಯವೂ ಇಲ್ಲದ ಒಂದು ದಿನ ಆದರೂ ಸರಿ. ನೀವೇ ಬರಬೇಕೆಂದೂ ಇಲ್ಲ, ಯಾರನ್ನು ಕಳಿಸಿದರೂ ಆಗುತ್ತದೆ. ಮೂರು ವರ್ಷದಿಂದ ಈ ಬಾಗಿಲಿಗೆ ಬರುವವರೆಲ್ಲ ಶಿವರಾಜ್ ಹೆಸರು ಓದಿಕೊಂಡು ಬರುತ್ತಾರೆ. ಒಬ್ಬರಾದರೂ ಬಂದು, ಬೋರ್ಡು ಓದದೆ, ಯಮುನಾ ಎಂದು ನನ್ನ ಹೆಸರು ಹಿಡಿದು ಕರೆಯಲಿ.

ಯಮುನಾ